ಹ್ಯಾಂಡಲಿನ ಮೇಲಣ ಸಂಗೀತ

ಪ್ರಯಾಣಕ್ಕೂ ಸಂಗೀತಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಎತ್ತಿನ ಕೊರಳಿಗೆ ಗಂಟೆಯನ್ನು ಕಟ್ಟಿದವನು ಎದುರಿನವರಿಗೆ ಎಚ್ಚರಿಕೆ ಕೊಡುವುದಕ್ಕಾಗಿ ಮಾತ್ರವೇ ಕಟ್ಟಿದನೆಂದು ಹೇಳಿದರೆ ಹಳೆಯ ಕಾಲದ ಗಾಡಿಯವರು ಒಪ್ಪುತ್ತಿರಲಿಲ್ಲ. ಎಚ್ಚರಿಕೆಯೊಂದೇ ಬೇಕಾಗಿದ್ದರೆ ಒಂದು ತಗಡಿನ ತುಂಡೇ ಸಾಕಾಗಿತ್ತು. ಆತನು ಸಂತೆಯಲ್ಲಿ ಹತ್ತು ಗಂಟೆಗಳನ್ನು ಬಾರಿಸಿ ನೋಡಿ, ನಾದವು ಹಿತವಾದುದನ್ನು ಆರಿಸಿ, ಜೋಡಿಯೆತ್ತುಗಳ ಗಂಟೆಗಳು ಒಂದಕ್ಕೊಂದು ಹೊಂದುವಂತೆ ನೋಡಿಕೊಂಡು ಕಟ್ಟುತ್ತಿದ್ದನು. ದೋಣಿ ನಡೆಸುವವನು ಹಾಡಿದನು. ಪಲ್ಲಕ್ಕಿ ಹೊತ್ತವರು ಹೆಜ್ಜೆಗೊಂದು ಪಲ್ಲವಿಯನ್ನು ಕಟ್ಟಿಕೊಂಡರು. ದಾರಿಯನ್ನು ಕಾಲಿನೊಡನೆ ಕಿವಿಯೂ ಸವೆಸಿದರೆ ಆಯಾಸವು ಅರ್ಧಕ್ಕಿಳಿಯುವುದೆಂಬುದು ನಡೆದವರೆಲ್ಲರಿಗೂ ತಿಳಿದ ಸಂಗತಿ.

ಯಂತ್ರವಾಹನವು ಬಂದಮೇಲೆ ಈ ಆಸೆಯೇನೂ ಅಡಗಲಿಲ್ಲ. ವೇಷವನ್ನು ಮಾತ್ರ ಬದಲಾಯಿಸಿತು. ೧೯೨೫ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಇಂಜಿನಿಯರುಗಳು, ಅಯಸ್ಕಾಂತದ ನಡುವೆ ತಂತಿಯ ಸುರುಳಿಯೊಂದನ್ನು ಕುಣಿಸಿ, ಅದಕ್ಕೆ ಅಂಟಿದ ಕಾಗದದ ಶಂಕುವಿನಿಂದ ಗಾಳಿಯನ್ನು ಅಲುಗಿಸುವ ಸ್ಪೀಕರಿನ ವಿನ್ಯಾಸವನ್ನು ಪ್ರಕಟಿಸಿದರು. ಇಂದಿನ ಬಹುಪಾಲು ಸ್ಪೀಕರುಗಳ ಅಂತರಂಗವು ಅದೇ. ೧೯೩೦ರಲ್ಲಿ ಅದೇ ದೇಶದ ಗ್ಯಾಲ್ವಿನ್ ಸಹೋದರರು ಮೋಟಾರು ಕಾರಿನಲ್ಲಿ ಕೂರಿಸುವ ರೇಡಿಯೋವನ್ನು ಮಾರಾಟಕ್ಕೆ ತಂದು, ಅದಕ್ಕೆ ಮೋಟೊರೋಲಾ ಎಂದು ಹೆಸರಿಟ್ಟರು. ಇತ್ತ ಮೈಸೂರಿನಲ್ಲಿ ೧೯೩೫ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ೩೦ ವಾಟಿನ ಪುಟ್ಟ ಯಂತ್ರವೊಂದರಿಂದ ತಮ್ಮ ಮನೆಯಲ್ಲಿಯೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆಕಾಶವಾಣಿಯೆಂಬ ಹೆಸರು ಬಾನುಲಿಗೆ ಅಂಟಿದುದು ಅಲ್ಲಿಂದಲೇ. ಅದೇ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ೧೯೬೧ರ ಬಳಿಕ ಜಾವಾ ಮೋಟಾರು ಸೈಕಲ್ಲುಗಳು, ಮುಂದೆ ಯೆಜ್ಡಿಗಳು, ೧೯೯೬ರಲ್ಲಿ ಬಾಗಿಲು ಮುಚ್ಚುವವರೆಗೂ ಹೊರಬಿದ್ದುವು. ಒಂದೇ ಊರು ಕನ್ನಡಿಗರಿಗೆ ಹಾಡನ್ನೂ ಕೊಟ್ಟಿತು, ಗಾಡಿಯನ್ನೂ ಕೊಟ್ಟಿತು. ಎರಡನ್ನೂ ಒಂದುಗೂಡಿಸುವ ಕೆಲಸವು ಮಾತ್ರ ಬಹುಕಾಲ ಉಳಿದುಕೊಂಡಿತ್ತು. ಈಗ ಅದೂ ಆಗಿದೆ. ಪೇಟೆಯ ಅಂಗಡಿಗಳಲ್ಲಿ ಮೋಟಾರು ಸೈಕಲ್ಲಿನ ಹ್ಯಾಂಡಲಿಗೆ ಬಿಗಿಯುವ ಜೋಡಿ ಸ್ಪೀಕರುಗಳು, ಹೊಳೆಯುವ ಮುಚ್ಚಳಗಳೊಡನೆ, ಮದುವೆಯ ಮನೆಯ ಬೆಳ್ಳಿಯ ಬಟ್ಟಲುಗಳಂತೆ ಸಾಲಾಗಿ ಕುಳಿತಿರುತ್ತವೆ.

ಅಂತಹ ಒಂದು ಜೋಡಿಯನ್ನು ಕೊಳ್ಳಬೇಕೆಂಬ ಆಸೆಯು ತೀರ್ಥಹಳ್ಳಿಯ ಕಡೆಯ ಒಂದು ಮನೆಯಲ್ಲಿ ಹುಟ್ಟಿತು. ಮನೆಯೆಂದರೆ ತಾಯಿ ಮತ್ತು ಮಗ. ತಾಯಿಗೆ ಅರವತ್ತೆರಡು ವರ್ಷ. ಮಗನಿಗೆ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಮಗಳನ್ನು ಶಿವಮೊಗ್ಗೆಗೆ ಕೊಟ್ಟಿದ್ದುದರಿಂದ ತಿಂಗಳಿಗೆ ಎರಡು ಬಾರಿಯಾದರೂ ತಾಯಿಯು ಮಗನ ಮೋಟಾರು ಸೈಕಲ್ಲಿನ ಹಿಂದೆ ಕುಳಿತು ಅಲ್ಲಿಗೆ ಹೋಗಿಬರುವುದು ರೂಢಿ. ದಾರಿಯು ಸುಮಾರು ಅರವತ್ತು ಕಿಲೋಮೀಟರು. ತುಂಗೆಯ ಬದಿಯಲ್ಲಿ ಮಂಡಗದ್ದೆ, ಸಕ್ರೆಬೈಲು, ಗಾಜನೂರುಗಳನ್ನು ದಾಟಿ ಸಾಗುವ ಹಾದಿ. ಬಸ್ಸು ಇಲ್ಲದಿಲ್ಲ. ಆದರೆ ಆಕೆಗೆ ಬಸ್ಸಿನ ವಾಸನೆಯೂ ನೂಕುನುಗ್ಗಲೂ ಆಗವು. ಗಾಳಿಯಲ್ಲಿ ಕುಳಿತು ಮರಗಳನ್ನು ನೋಡುತ್ತ ಹೋಗುವುದೇ ಪ್ರಿಯ.

ಆಕೆಯು ಕನ್ಯೆಯಾಗಿದ್ದಾಗ ಎಂಟು ವರ್ಷ ಕ್ರಮವಾಗಿ ಸಂಗೀತವನ್ನು ಅಭ್ಯಾಸಮಾಡಿದ್ದವಳು. ಮದುವೆಯಾದಮೇಲೆ ತಂಬೂರಿಯು ಅಟ್ಟವನ್ನು ಸೇರಿತು. ಹಾಡು ಮಾತ್ರ ಅಟ್ಟಕ್ಕೇರಲಿಲ್ಲ. ಪತಿಯ ಬಳಿ ಒಂದು ಹಳೆಯ ಜಾವಾ ಇತ್ತು. ಸಂಜೆ ಇಬ್ಬರೂ ಎಲ್ಲಿಗಾದರೂ ಹೊರಟರೆ ಆಕೆಯು ಹಿಂದಿನ ಆಸನದಲ್ಲಿ ಕುಳಿತು ಮೆಲ್ಲನೆ ಹಾಡುತ್ತಿದ್ದಳು. ಆತನು ಹಾಡು ಮುಗಿಯುವವರೆಗೂ ವೇಗವನ್ನು ಹೆಚ್ಚಿಸುತ್ತಿರಲಿಲ್ಲ. ಅಂದರೆ ಆ ಮನೆಯಲ್ಲಿ ಸ್ಪೀಕರು ಮೊದಲಿನಿಂದಲೂ ಇತ್ತು; ಹ್ಯಾಂಡಲಿನ ಮೇಲೆ ಇರಲಿಲ್ಲ, ಅಷ್ಟೆ. ಪತಿಯು ತೀರಿಕೊಂಡಮೇಲೆ ಆಕೆಯು ಗಾಡಿಯ ಮೇಲೆ ಹಾಡುವುದನ್ನು ಬಿಟ್ಟಳು. ಅರವತ್ತು ಕಿಲೋಮೀಟರಿನ ಆ ಮೌನವು ಮಗನಿಗೆ ಭಾರವಾಗುತ್ತಿತ್ತು. ‘ಅಮ್ಮ ಹಾಡದಿದ್ದರೆ ಬೇಡ, ಕೇಳಲಾದರೂ ಕೇಳಲಿ’ ಎಂಬುದು ಆತನ ಯೋಚನೆ. ಕಿವಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಯಂತ್ರಗಳು ಬೇಡವೆಂದು ಆತನು ಮೊದಲೇ ನಿಶ್ಚಯಿಸಿದ್ದನು. ಹಿಂದಿನಿಂದ ಬರುವ ಲಾರಿಯ ಹಾರನ್ನು ಕೇಳಿಸದಂತೆ ಕಿವಿಯನ್ನು ಬಿರಡೆಹಾಕಿ ಮುಚ್ಚಿಕೊಂಡು ವಾಹನ ನಡೆಸುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಸುವುದಕ್ಕೆ ಎರಡನೆಯದು. ಅಲ್ಲದೆ ಒಬ್ಬರ ಕಿವಿಯಲ್ಲಿ ಮಾತ್ರ ನಡೆಯುವ ಕಚೇರಿಯಿಂದ ಇಬ್ಬರಿಗೇನು ಸುಖ?

ಮೊದಲು ಆತನಿಗೆ ತೋರಿದುದು, ತಂದೆಯ ಜಾವಾಕ್ಕೇ ಸ್ಪೀಕರನ್ನು ಜೋಡಿಸಿ ತಾಯಿಯನ್ನು ಅದರ ಮೇಲೆ ಕರೆದೊಯ್ಯಬೇಕೆಂದು. ಊರಿನ ಮೆಕ್ಯಾನಿಕ್ಕು ನಕ್ಕುಬಿಟ್ಟನು. ಆ ಕಾಲದ ಜಾವಾದ ವಿದ್ಯುದ್ವ್ಯವಸ್ಥೆಯು ೬ ವೋಲ್ಟಿನದು. ಈಗಿನ ಸ್ಪೀಕರುಗಳು ಬೇಡುವುದು ೧೨ ವೋಲ್ಟು. ದೀಪವನ್ನು ಹೊತ್ತಿಸುವುದಕ್ಕೇ ಏದುಸಿರು ಬಿಡುವ ಹಳೆಯ ಬ್ಯಾಟರಿಯಿಂದ ಸಂಗೀತವನ್ನು ಹಾಡಿಸುವುದು ಉಪವಾಸವಿದ್ದವನಿಂದ ಹರಿಕಥೆಯನ್ನು ಮಾಡಿಸಿದಂತೆ. ಆದುದರಿಂದ ಜಾವಾವು ಕೊಟ್ಟಿಗೆಯಲ್ಲಿಯೇ ಉಳಿಯಿತು. ಸ್ಪೀಕರಿನ ಭಾಗ್ಯವು ಮಗನ ಹೊಸ ಗಾಡಿಗೆ ಬಂದಿತು.

ಶಿವಮೊಗ್ಗೆಯ ಅಂಗಡಿಯಲ್ಲಿ ನಡೆದ ವ್ಯಾಪಾರವು ಹೀಗಿತ್ತು. ಅಂಗಡಿಯವನು ಎಲ್ಲಕ್ಕಿಂತ ಹೊಳೆಯುವ ಜೋಡಿಯನ್ನು ಮುಂದಿಟ್ಟು, “ಮುನ್ನೂರು ವಾಟು ಸಾರ್, ನಾಲ್ಕು ಮನೆಯಾಚೆಗೂ ಕೇಳುತ್ತೆ” ಎಂದನು.

“ನಾಲ್ಕು ಮನೆಯಾಚೆಗೆ ಬೇಡ, ಹಿಂದಿನ ಸೀಟಿಗೆ ಕೇಳಿದರೆ ಸಾಕು” ಎಂದು ಮಗನು ಹೇಳಿದನು.

“ಅದಕ್ಕೂ ಇದೇ ಸಾರ್” ಎಂದು ಅಂಗಡಿಯವನು ಕಟ್ಟಿಕೊಟ್ಟನು.

ಮೈಸೂರು ಸೀಮೆಗೆ ಬಾನುಲಿಯನ್ನು ತಂದ ಯಂತ್ರವು ೩೦ ವಾಟಿನದು; ಇದು ಒಂದು ಹ್ಯಾಂಡಲಿಗೆ ೩೦೦ ವಾಟು. ಆ ವಾಟು ಬೇರೆ, ಈ ವಾಟು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂಬುದು ನಿಜ. ಆದರೂ ಮಾತು ಎಷ್ಟು ಅಗ್ಗವಾಗಿದೆಯೆಂಬುದಕ್ಕೆ ಈ ಹೋಲಿಕೆ ಸಾಕು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವ ಅಂಕಿಯು ಬಹುಮಟ್ಟಿಗೆ ಸ್ಪೀಕರು ಕ್ಷಣಮಾತ್ರ ತಾಳಬಲ್ಲ ಶಕ್ತಿಯದು. ಅದು ಎಡೆಬಿಡದೆ ಎಷ್ಟನ್ನು ಧರಿಸಬಲ್ಲುದೆಂಬುದು ಚಿಕ್ಕ ಅಕ್ಷರಗಳಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಒಬ್ಬನು ಒಮ್ಮೆ ಎತ್ತಿದ ಗುಂಡಿನ ತೂಕವನ್ನು ನೋಡಿ ದಿನವೆಲ್ಲ ಮೂಟೆ ಹೊರುವ ಕೂಲಿಗೆ ಗೊತ್ತುಮಾಡಿಕೊಂಡರೆ ಆಗುವ ಅನರ್ಥವೇ ಇಲ್ಲಿಯೂ ಆಗುವುದು. ಇಷ್ಟಾಗಿ ವಾಟನ್ನು ಇಮ್ಮಡಿಗೊಳಿಸಿದರೆ ಧ್ವನಿಯು ಏರುವುದು ೩ ಡೆಸಿಬೆಲ್ಲು ಮಾತ್ರ. ಕಿವಿಗೆ ಇಮ್ಮಡಿಯಾಯಿತೆಂದು ತೋರಬೇಕಾದರೆ ವಾಟನ್ನು ಸುಮಾರು ಹತ್ತುಮಡಿ ಮಾಡಬೇಕು. ಆದುದರಿಂದ ಕೊಳ್ಳುವವನು ಕೇಳಬೇಕಾದುದು ವಾಟನ್ನಲ್ಲ. ಒಂದು ವಾಟನ್ನು ಕೊಟ್ಟರೆ ಒಂದು ಮೀಟರಿನಾಚೆ ಎಷ್ಟು ಡೆಸಿಬೆಲ್ಲು ಸದ್ದು ಬರುವುದೆಂಬುದನ್ನು. ೮೮ ಬರುವ ಸ್ಪೀಕರಿಗೆ ೪೦ ವಾಟನ್ನು ಉಣಿಸುವುದೂ ೯೧ ಬರುವುದಕ್ಕೆ ೨೦ ವಾಟನ್ನು ಉಣಿಸುವುದೂ ಸರಿಸಮ. ಮಿತಾಹಾರಿಯಾದ ಹಾಡುಗಾರನೇ ಬ್ಯಾಟರಿಗೆ ಹಿತ.

ಈ ವಿವೇಕವೆಲ್ಲವೂ ಮಗನಿಗೆ ಬಂದುದು ಹಣವನ್ನು ಕಳೆದುಕೊಂಡಮೇಲೆ. ಆಷಾಢದ ಮೊದಲನೆಯ ಮಳೆಗೆ ಆ ಮುನ್ನೂರು ವಾಟಿನ ವಿದ್ವಾಂಸರ ಗಂಟಲು ಕಟ್ಟಿತು. ಒಳಗಿನ ಶಂಕುವು ಕಾಗದದ್ದು; ನೀರನ್ನು ಕುಡಿದು ನೆನೆದ ಹಪ್ಪಳದಂತಾಗಿತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ತಾಲ್ಲೂಕಿನಲ್ಲಿ ಕಾಗದದ ಶಂಕುವನ್ನು ಹೊರಗೆ ಬಿಟ್ಟವನು ಯಾರನ್ನು ದೂರಬೇಕು?

ಎರಡನೆಯ ಬಾರಿ ಆತನು ಲೆಕ್ಕ ಬರೆಯುವವನಿಗೆ ತಕ್ಕಂತೆ ಕಾಗದದ ಮೇಲೆ ಪಟ್ಟಿಯನ್ನು ಮಾಡಿಕೊಂಡು ಹೊರಟನು. ಮೊದಲನೆಯದು ನೀರು. ಇಂತಹ ಉಪಕರಣಗಳ ಮೇಲೆ ಐಪಿ ಎಂಬ ಎರಡಕ್ಷರಗಳೂ ಎರಡು ಅಂಕಿಗಳೂ ಇರುತ್ತವೆ. ಮೊದಲನೆಯ ಅಂಕಿ ಧೂಳಿನದು, ಎರಡನೆಯದು ನೀರಿನದು. ೬೫ ಎಂದಿದ್ದರೆ ಧೂಳು ಹೊಗದು, ಸಿಂಪಡಿಸುವ ನೀರಿನ ಧಾರೆಗೆ ಕೆಡದು. ೬೭ ಎಂದಿದ್ದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಬದುಕುವುದು. ಮಲೆನಾಡಿಗೆ ಎರಡನೆಯದೇ ಕ್ಷೇಮ. ಎರಡನೆಯದು ಹಿಡಿತ. ಸಾಮಾನ್ಯವಾದ ಗಾಡಿಗಳ ಹ್ಯಾಂಡಲಿನ ಕೊಳವೆಯ ವ್ಯಾಸವು ೨೨ ಮಿಲಿಮೀಟರು. ಕೆಲವು ಭಾರದ ಗಾಡಿಗಳದು ಒಂದಂಗುಲ, ಎಂದರೆ ೨೫.೪ ಮಿಲಿಮೀಟರು. ಹಿಡಿಕೆಯು ಅಳತೆಗೆ ಸರಿಯಾಗಿರಬೇಕು, ನಡುವೆ ರಬ್ಬರಿನ ಪಟ್ಟಿಯಿರಬೇಕು. ಇಲ್ಲವಾದರೆ ಎಂಜಿನ್ನಿನ ನಡುಕಕ್ಕೆ ತಿರುಪು ಸಡಿಲಿ, ಸ್ಪೀಕರು ನೆಲವನ್ನು ನೋಡಿಕೊಂಡು ಹಾಡತೊಡಗುವುದು. ಮೂರನೆಯದು ಜಾಗ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿಯಾಗಿ ತಿರುಗಿಸಿದಾಗ ಸ್ಪೀಕರು ಪೆಟ್ರೋಲು ಟ್ಯಾಂಕಿಗೆ ತಗುಲಬಾರದು, ತಂತಿಯು ಬಿಗಿಯಬಾರದು, ಬ್ರೇಕಿನ ಹಿಡಿಗೆ ಬೆರಳು ಹೋಗುವುದಕ್ಕೆ ಅಡ್ಡಿಯಾಗಬಾರದು, ವೇಗವನ್ನು ತೋರುವ ಮುಳ್ಳು ಮರೆಯಾಗಬಾರದು. ನಾಲ್ಕನೆಯದು ವಿದ್ಯುತ್ತು. ಬ್ಯಾಟರಿಯಿಂದ ಹೊರಡುವ ತಂತಿಗೆ ಬ್ಯಾಟರಿಯ ಹತ್ತಿರದಲ್ಲಿಯೇ ಫ್ಯೂಸು ಇರಬೇಕು. ಬೀಗದ ಕೈ ತಿರುಗಿಸಿದೊಡನೆ ಸ್ಪೀಕರೂ ಆರಬೇಕು. ಇಲ್ಲವಾದರೆ ರಾತ್ರಿಯೆಲ್ಲ ಎಚ್ಚರವಾಗಿದ್ದು ಬೆಳಿಗ್ಗೆ ಗಾಡಿಯೇ ಏಳದಂತೆ ಮಾಡುವುದು. ಐದನೆಯದು, ಫೋನಿನಿಂದ ಹಾಡನ್ನು ತಂತಿಯಿಲ್ಲದೆ ತಂದುಕೊಡುವ ಬ್ಲೂಟೂತು. ಹತ್ತನೆಯ ಶತಮಾನದ ಡೆನ್ಮಾರ್ಕಿನ ಹೆರಾಲ್ಡನೆಂಬ ಅರಸನಿಗೆ ಇದ್ದ ‘ನೀಲಿ ಹಲ್ಲಿನವನು’ ಎಂಬ ಅಡ್ಡಹೆಸರನ್ನೇ ಈ ಸಾಧನಕ್ಕೆ ಇಟ್ಟಿದ್ದಾರೆ. ಒಡೆದ ನಾಡುಗಳನ್ನು ಕೂಡಿಸಿದ ಆ ಅರಸನು ಸಾವಿರ ವರ್ಷಗಳ ಮೇಲೆ ತೀರ್ಥಹಳ್ಳಿಯ ಒಂದು ಮನೆಯ ತಾಯಿಮಕ್ಕಳನ್ನು ಕೂಡಿಸಲು ಬರುವನೆಂದು ಯಾರು ತಾನೆ ಎಣಿಸಿದ್ದರು!

ಹೀಗೆ ಆರಿಸಿ ತಂದ ಜೋಡಿಯು ನಿಜವಾಗಿಯೂ ಒಳ್ಳೆಯದಾಗಿತ್ತು. ಅಂಗಳದಲ್ಲಿ ನಿಲ್ಲಿಸಿ ಹಾಡಿಸಿದಾಗ ಪಿಟೀಲಿನ ಗಮಕಗಳು ಎಳೆಯೆಳೆಯಾಗಿ ಕೇಳಿದುವು. ಆದರೆ ರಸ್ತೆಗೆ ಬಂದಾಗ ಕಥೆಯೇ ಬೇರೆಯಾಯಿತು. ಶಬ್ದವು ಹರಡುವ ಬಗೆಗೆ ತಾರ್ಕಿಕರು ಎರಡು ನ್ಯಾಯಗಳನ್ನು ಹೇಳುವುದುಂಟು. ಕೊಳದಲ್ಲಿ ಕಲ್ಲು ಬಿದ್ದಾಗ ಅಲೆಯಿಂದ ಅಲೆ ಹುಟ್ಟುವಂತೆ ಎಂಬುದೊಂದು. ಕದಂಬದ ಮೊಗ್ಗಿನಲ್ಲಿ ಎಸಳುಗಳು ಎಲ್ಲ ದಿಕ್ಕಿಗೂ ಒಮ್ಮೆಗೇ ಚಿಮ್ಮಿ ನಿಲ್ಲುವಂತೆ ಎಂಬುದು ಇನ್ನೊಂದು. ಇಂದಿನ ಭೌತಶಾಸ್ತ್ರವು ಈ ಎರಡನೆಯದಕ್ಕೆ ಲೆಕ್ಕವನ್ನು ಕಟ್ಟಿಕೊಟ್ಟಿದೆ: ದೂರವು ಎರಡರಷ್ಟಾದರೆ ಶಬ್ದದ ತೀವ್ರತೆಯು ನಾಲ್ಕರಲ್ಲೊಂದು ಪಾಲಿಗೆ ಇಳಿಯುವುದು, ಎಂದರೆ ೬ ಡೆಸಿಬೆಲ್ಲು ಕುಗ್ಗುವುದು. ಹ್ಯಾಂಡಲಿನಿಂದ ಮಗನ ಕಿವಿಗಿರುವ ದೂರದ ಸುಮಾರು ಎರಡರಷ್ಟು ತಾಯಿಯ ಕಿವಿಗೆ; ನಡುವೆ ಮಗನ ಮೈಯೇ ಗೋಡೆಯಂತೆ ಅಡ್ಡ. ಕೇಳಲೆಂದು ತಂದುದು ಯಾರಿಗಾಗಿಯೋ ಅವರಿಗೆ ಸಿಕ್ಕುವುದು ಕಾಲುಪಾಲಿಗಿಂತಲೂ ಕಡಮೆ.

ಇದರ ಮೇಲೆ ಗಾಳಿ. ಗಂಟೆಗೆ ೬೫ ಕಿಲೋಮೀಟರು ವೇಗದ ಸುಮಾರಿಗೆ ಸವಾರನ ಕಿವಿಯ ಬಳಿ ಗಾಳಿಯ ಸದ್ದೇ ೯೦ ಡೆಸಿಬೆಲ್ಲನ್ನು ಮುಟ್ಟುವುದು. ಹೆಲ್ಮೆಟ್ಟು ತಲೆಯನ್ನು ಕಾಯುವುದಲ್ಲದೆ ಈ ಸದ್ದನ್ನು ಕಾಯದು. ಸದ್ದು ಹುಟ್ಟುವುದೇ ಅದರ ಅಂಚಿಗೆ ಗಾಳಿ ಬಡಿದು. ಅದನ್ನು ಮೀರಿ ಹಾಡು ಕೇಳಬೇಕಾದರೆ ಹಾಡು ಕಿವಿಯ ಬಳಿ ೧೦೦ ಡೆಸಿಬೆಲ್ಲಿನ ಹತ್ತಿರವಾದರೂ ಇರಬೇಕು. ಕಿವಿಯ ವೈದ್ಯರ ಗಣಿತವು ಹೀಗಿದೆ: ೮೫ ಡೆಸಿಬೆಲ್ಲನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು, ಮುಂದೆ ಪ್ರತಿ ೩ ಡೆಸಿಬೆಲ್ಲಿಗೂ ಕಾಲವನ್ನು ಅರ್ಧಮಾಡುತ್ತ ಹೋಗಬೇಕು. ಆ ಪ್ರಕಾರ ೧೦೦ ಡೆಸಿಬೆಲ್ಲಿಗೆ ಸಿಕ್ಕುವುದು ಹದಿನೈದು ನಿಮಿಷ. ತೀರ್ಥಹಳ್ಳಿಯಿಂದ ಹೊರಟವರು ಮಂಡಗದ್ದೆಯನ್ನು ಮುಟ್ಟುವ ಮೊದಲೇ ಆ ದಿನದ ಪಡಿ ಮುಗಿದುಹೋಗುವುದು. ಇನ್ನು ಗಾಳಿಯ ಮೊರೆತವು ಬಹುಮಟ್ಟಿಗೆ ಮಂದ್ರದ ಶಬ್ದ. ಆದುದರಿಂದ ಹಾಡಿನಲ್ಲಿಯೂ ಅದು ಮೊದಲು ನುಂಗುವುದು ಮಂದ್ರವನ್ನೇ. ತಂಬೂರಿಯ ಶ್ರುತಿ ಹೋಯಿತು. ಮೃದಂಗದ ಎಡಗಡೆಯ ಮುಖ ಹೋಯಿತು. ಬಲಗಡೆಯ ಟಕಟಕ ಮಾತ್ರ ಉಳಿಯಿತು. ಶ್ರುತಿಯಿಲ್ಲದ ಹಾಡು ಗೋಡೆಯಿಲ್ಲದ ಚಿತ್ರ.

ಮಗನು ಇದಕ್ಕೆಲ್ಲ ಒಂದೇ ಪರಿಹಾರವನ್ನು ಕಂಡುಕೊಂಡನು. ವೇಗವನ್ನು ನಲವತ್ತಕ್ಕೆ ಇಳಿಸಿದನು. ಗಾಳಿಯು ತಗ್ಗಿತು, ಹಾಡು ಮೇಲೆದ್ದಿತು. ಹಿಂದೆ ತಂದೆಯು ಮಾಡುತ್ತಿದ್ದುದೂ ಅದೇ ಅಲ್ಲವೇ ಎಂದು ಹೊಳೆದು ಆತನಿಗೆ ಸಂತೋಷವೂ ಆಯಿತು. ಊರುಗಳ ಒಳಗೆ ಮಾತ್ರ ಹಾಡನ್ನು ನಿಲ್ಲಿಸುತ್ತಿದ್ದನು. ೨೦೦೦ದ ಶಬ್ದಮಾಲಿನ್ಯದ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು ೫೫ ಡೆಸಿಬೆಲ್ಲು, ರಾತ್ರಿ ೪೫ ಎಂದು ಮಿತಿಯನ್ನು ಹಾಕಿವೆ; ಆಸ್ಪತ್ರೆ, ಪಾಠಶಾಲೆ, ನ್ಯಾಯಸ್ಥಾನಗಳ ಸುತ್ತ ನೂರು ಮೀಟರುಗಳನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದೆಂದು ಹೇಳಿವೆ. ಕಾನೂನಿಗಿಂತ ಮಿಗಿಲಾಗಿ, ತನ್ನ ತಾಯಿಯ ಸಂತೋಷಕ್ಕಾಗಿ ಇನ್ನೊಬ್ಬರ ತಾಯಿಯ ನಿದ್ದೆಯನ್ನು ಕೆಡಿಸಬಾರದೆಂಬ ತಿಳಿವಳಿಕೆಯು ಆತನಿಗಿತ್ತು. ಸಕ್ರೆಬೈಲಿನ ಆನೆಗಳ ಬಿಡಾರದ ಬಳಿಯೂ ಸ್ಪೀಕರು ಬಾಯಿ ಮುಚ್ಚುತ್ತಿತ್ತು.

“ಕೇಳಿಸ್ತಾ ಇದೆಯೇನಮ್ಮ?” ಎಂದು ದಾರಿಯಲ್ಲಿ ಆಗಾಗ ಕೇಳುವನು.

“ಚೆನ್ನಾಗಿದೆ ಕಣೋ, ಇಷ್ಟು ಸಾಕು” ಎಂದು ಹಿಂದಿನಿಂದ ಉತ್ತರವು ಬರುವುದು. ಕೇಳಿದುದಕ್ಕೆ ಸಾಕ್ಷಿಯಾಗಿ ಆತನ ಬಲಭುಜದ ಮೇಲಿದ್ದ ಆಕೆಯ ಬೆರಳುಗಳು ತಾಳವನ್ನು ಹಾಕುತ್ತಿದ್ದುವು. ನಾಲ್ಕಾರು ಪ್ರಯಾಣಗಳು ಹೀಗೆಯೇ ಸುಖವಾಗಿ ಸಾಗಿದುವು.

ಒಂದು ದಿನ ಗಾಜನೂರನ್ನು ದಾಟಿದಮೇಲೆ ಮಗನ ಗಮನವು ತನ್ನ ಭುಜದ ಕಡೆಗೆ ಹರಿಯಿತು. ಬಾಲ್ಯದಲ್ಲಿ ತಾಯಿಯೇ ತೊಡೆಯ ಮೇಲೆ ಕೂರಿಸಿಕೊಂಡು ಆತನಿಗೆ ತಾಳಗಳನ್ನು ಕಲಿಸಿದ್ದಳು. ಭುಜದ ಮೇಲೆ ಒಂದು ಮೆಲುಪೆಟ್ಟು, ಅನಂತರ ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಮತ್ತೆ ಪೆಟ್ಟು, ಬಿಡಿಕೆ, ಪೆಟ್ಟು, ಬಿಡಿಕೆ. ಎಂಟು ಎಣಿಕೆಯ ಶುದ್ಧವಾದ ಆದಿತಾಳ. ಆದರೆ ಹ್ಯಾಂಡಲಿನ ಮೇಲೆ ಆಗ ನಡೆಯುತ್ತಿದ್ದ ಕೃತಿಯು ಏಳು ಎಣಿಕೆಯ ಮಿಶ್ರಛಾಪಿನದು. ಎಂಟು ವರ್ಷ ಸಂಗೀತವನ್ನು ಕಲಿತವಳು ತಾಳದಲ್ಲಿ ತಪ್ಪುವವಳಲ್ಲ. ಆತನು ಮಾತಾಡದೆ ಹೆಬ್ಬೆರಳಿನಿಂದ ಸ್ಪೀಕರನ್ನು ಪೂರ್ತಿಯಾಗಿ ಆರಿಸಿದನು. ಭುಜದ ಮೇಲಣ ತಾಳವು ನಿಲ್ಲಲಿಲ್ಲ. ಎರಡು ಕಿಲೋಮೀಟರು, ಮೂರು ಕಿಲೋಮೀಟರು, ಮೌನದಲ್ಲಿಯೇ ಆದಿತಾಳವು ನಡೆಯಿತು.

ಗಾಡಿಯನ್ನು ಮರದ ಕೆಳಗೆ ನಿಲ್ಲಿಸಿ ಆತನು ಕೇಳಿದನು: “ಅಮ್ಮ, ಹಾಡು ಕೇಳಿಸ್ತಿರಲಿಲ್ವಾ?”

ಆಕೆಯು ಸ್ವಲ್ಪ ಹೊತ್ತು ಸೆರಗನ್ನು ಸರಿಪಡಿಸಿಕೊಳ್ಳುವ ನೆವದಲ್ಲಿ ಸುಮ್ಮನಿದ್ದಳು. “ನೀನು ಅಷ್ಟು ಆಸೆಪಟ್ಟು ತಂದಿದ್ದೀಯ. ಕೇಳಿಸಲ್ಲ ಅಂದ್ರೆ ಇದಕ್ಕಿಂತ ದೊಡ್ಡದು ತರ್ತೀಯ. ಕಿವಿಗೆ ಕೇಳದಿದ್ರೇನಪ್ಪಾ, ಹಾಡು ನನಗೆ ಬರುತ್ತಲ್ಲ, ನಾನೇ ಮನಸ್ಸಿನಲ್ಲಿ ಹಾಡ್ಕೊಳ್ತಿದ್ದೆ” ಎಂದಳು.

ಆಗ ಮಗನಿಗೆ ಅದುವರೆಗೆ ಕಂಡೂ ಕಾಣದಿದ್ದ ಎಷ್ಟೋ ಸಂಗತಿಗಳು ಒಂದೊಂದಾಗಿ ನೆನಪಿಗೆ ಬಂದುವು. ಭದ್ರಾವತಿಯ ಆಕಾಶವಾಣಿಯಲ್ಲಿ ವಾರ್ತೆ ಬರುವಾಗ ಆಕೆಯು ರೇಡಿಯೋದ ಪಕ್ಕದಲ್ಲಿಯೇ ಹೋಗಿ ಕುಳಿತುಕೊಳ್ಳುತ್ತಿದ್ದುದು. ಮೊಮ್ಮಗಳು ‘ಸಾರು’ ಎಂದರೆ ‘ಯಾರು?’ ಎಂದು ಕೇಳಿ ನಗೆಗೀಡಾದುದು. ಸಂಜೆ ಜಗುಲಿಯಲ್ಲಿ ಕುಳಿತು, “ಕಾಡು ಕಡಿದ ಮೇಲೆ ಜೀರುಂಡೆಗಳೂ ಹೋದವು ನೋಡು, ಮೊದಲಿನ ಹಾಗೆ ಒಂದೂ ಕೂಗಲ್ಲ” ಎಂದು ಮರುಗುತ್ತಿದ್ದುದು. ಜೀರುಂಡೆಗಳು ಎಲ್ಲಿಗೂ ಹೋಗಿರಲಿಲ್ಲ. ಮಗನು ದಿನವೂ ಅವುಗಳ ಕರ್ಕಶ ಶ್ರುತಿಯಲ್ಲಿಯೇ ಊಟಮಾಡುತ್ತಿದ್ದನು. ತಾಯಿಯು ಹೇಳಿದಾಗಲೆಲ್ಲ ಹೂಂಗುಟ್ಟಿದನೇ ಹೊರತು, ಅವಳ ಮಾತಿನ ಅರ್ಥವೇನೆಂದು ಒಂದು ದಿನವೂ ಯೋಚಿಸಿರಲಿಲ್ಲ. ಸ್ಪೀಕರಿನ ಡೆಸಿಬೆಲ್ಲನ್ನು ವಿಚಾರಿಸಿದವನು ಕಿವಿಯನ್ನು ವಿಚಾರಿಸಲಿಲ್ಲ.

ಮುಂದಿನ ತಿಂಗಳು ತಾಯಿಮಕ್ಕಳಿಬ್ಬರೂ ರೈಲಿನಲ್ಲಿ ಮೈಸೂರಿಗೆ ಹೋದರು. ಹಾಡನ್ನೂ ಗಾಡಿಯನ್ನೂ ಕೊಟ್ಟ ಆ ಊರಿನಲ್ಲಿಯೇ, ಮಾನಸಗಂಗೋತ್ರಿಯಲ್ಲಿ, ಕಿವಿಯನ್ನು ಪರೀಕ್ಷಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ನಿಶ್ಶಬ್ದವಾದ ಕೋಣೆಯಲ್ಲಿ ಆಕೆಯನ್ನು ಕೂರಿಸಿ, ಕೆಳಗಿನ ಸ್ಥಾಯಿಯಿಂದ ಮೇಲಿನವರೆಗೆ ಒಂದೊಂದೇ ಸ್ವರವನ್ನು ಕೇಳಿಸಿ, ಕೇಳಿದಾಗ ಗುಂಡಿಯನ್ನು ಒತ್ತಿಸಿದರು. ಬಲಗಿವಿಗೆ ಕೆಂಪು ಸೊನ್ನೆಗಳು, ಎಡಗಿವಿಗೆ ನೀಲಿ ಕತ್ತರಿ ಗುರುತುಗಳು. ಎಡದಿಂದ ಬಲಕ್ಕೆ ನೋಡಿದರೆ ಎರಡು ಸಾಲುಗಳೂ ಸ್ವಲ್ಪ ದೂರ ಸಮನಾಗಿ ಬಂದು, ಅನಂತರ ಘಟ್ಟವನ್ನು ಇಳಿಯುವ ರಸ್ತೆಯಂತೆ ಕೆಳಕ್ಕೆ ಜಾರಿದ್ದುವು. ವಯಸ್ಸು ಕಿವಿಯಿಂದ ಮೊದಲು ಕಸಿದುಕೊಳ್ಳುವುದು ತಾರಸ್ಥಾಯಿಯ ಸೂಕ್ಷ್ಮ ಶಬ್ದಗಳನ್ನು. ಸಕಾರ ಶಕಾರಗಳನ್ನು, ತಂತಿಯ ಮೇಲಿನ ನುಣುಪನ್ನು, ಜೀರುಂಡೆಯನ್ನು. ಕೆಳಗಿನದನ್ನು ಗಾಳಿ ನುಂಗಿತ್ತು, ಮೇಲಿನದನ್ನು ವಯಸ್ಸು. ನಡುವೆ ಉಳಿದ ಓಣಿಯಲ್ಲಿ ಯಾವ ಕೃತಿ ತಾನೆ ನಡೆದೀತು? ಅಲ್ಲಿ ಎಷ್ಟು ವಾಟಿನ ಸ್ಪೀಕರನ್ನು ತಂದಿಟ್ಟಿದ್ದರೂ ಗದ್ದಲವು ಹೆಚ್ಚುತ್ತಿತ್ತೇ ಹೊರತು ಹಾಡು ಬರುತ್ತಿರಲಿಲ್ಲ.

ಶ್ರವಣಸಾಧನವನ್ನು ಕೊಟ್ಟರು. ಮೊದಲನೆಯ ವಾರ ಆಕೆಗೆ ಪಾತ್ರೆಗಳ ಸದ್ದು, ಕಾಗದದ ಸರಸರ, ತನ್ನದೇ ಬಳೆಗಳ ಕಿಂಕಿಣಿ, ಎಲ್ಲವೂ ಅಸಹ್ಯವಾದುವು. ಕಿವಿಯು ಮರೆತುದನ್ನು ಮತ್ತೆ ಕಲಿಯಬೇಕಾದರೆ ಕಾಲವು ಬೇಕೆಂದು ಅಲ್ಲಿಯವರು ಮೊದಲೇ ಹೇಳಿದ್ದರು. ಆದರೆ ಹೆಲ್ಮೆಟ್ಟಿನೊಳಗೆ ಅದನ್ನು ಹಾಕಿಕೊಂಡರೆ ಸಿಳ್ಳೆ ಹೊಡೆಯುತ್ತಿತ್ತು. ಹೊರಬಿದ್ದ ಶಬ್ದವೇ ಮುಚ್ಚಿದ ಜಾಗದಲ್ಲಿ ತಿರುಗಿ ಸಾಧನದ ಬಾಯಿಗೆ ಹೊಕ್ಕರೆ ಹಾಗಾಗುವುದು. ಹೆಲ್ಮೆಟ್ಟನ್ನು ತೆಗೆಯುವಂತಿಲ್ಲ, ತೆಗೆಯಲೂ ಬಾರದು. ಎಂದಮೇಲೆ ಓಡುವ ಗಾಡಿಯ ಮೇಲೆ ಆಕೆಗೆ ಸಂಗೀತವೆಂಬ ಪ್ರಶ್ನೆಯೇ ಮುಗಿದಂತಾಯಿತು.

ಮಗನು ಮೂರನೆಯ ಬಾರಿ ಅಂಗಡಿಗೆ ಹೋದನು. ಈ ಬಾರಿ ಆತನು ಕೇಳಿದುದು ಒಂದೇ ಗುಣವನ್ನು: ಹ್ಯಾಂಡಲಿನಿಂದ ಒಂದೇ ಕೈಯಲ್ಲಿ ಕಳಚಿ ತೆಗೆಯುವಂತಿರಬೇಕು, ತನ್ನ ಬ್ಯಾಟರಿಯಿಂದ ತಾನೇ ಹಾಡುವಂತಿರಬೇಕು. ತಂಬಿಗೆಯಷ್ಟು ಗಾತ್ರದ, ನೀರಿಗೆ ಹೆದರದ ಒಂದು ಸ್ಪೀಕರು ದೊರೆಯಿತು. ಅದರ ವಾಟು ಹತ್ತು. ಅಂಗಡಿಯವನು, “ಸಾರ್, ಇದು ರಸ್ತೆಯಲ್ಲಿ ಏನೂ ಕೇಳಲ್ಲ” ಎಂದು ಪ್ರಾಮಾಣಿಕವಾಗಿಯೇ ಎಚ್ಚರಿಸಿದನು. “ರಸ್ತೆಯಲ್ಲಿ ಕೇಳೋದಕ್ಕಲ್ಲ” ಎಂದು ಮಗನು ಹೇಳಿದುದು ಆತನಿಗೆ ಅರ್ಥವಾಗಲಿಲ್ಲ.

ಈಗ ಅವರು ಶಿವಮೊಗ್ಗೆಗೆ ಹೋಗುವಾಗ ಒಂದು ಗಂಟೆ ಮೊದಲೇ ಹೊರಡುತ್ತಾರೆ. ಮಂಡಗದ್ದೆಯ ಬಳಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಗೂಡು ಕಟ್ಟುತ್ತವೆ. ಅಲ್ಲಿ ಗಾಡಿಯು ನಿಲ್ಲುತ್ತದೆ. ಮಗನು ಸ್ಪೀಕರನ್ನು ಕಳಚಿ ಕಲ್ಲಿನ ಮೇಲೆ ತಾಯಿಯ ಹತ್ತಿರದಲ್ಲಿ ಇಡುತ್ತಾನೆ. ಆಕೆಯು ಹೆಲ್ಮೆಟ್ಟನ್ನು ತೆಗೆದು ಸಾಧನವನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾಳೆ. ಗಾಳಿಯಿಲ್ಲ, ಎಂಜಿನ್ನಿಲ್ಲ, ನಡುವೆ ಅಡ್ಡವಾಗಿ ಮಗನ ಬೆನ್ನೂ ಇಲ್ಲ. ಹತ್ತು ವಾಟಿನಲ್ಲಿ ಒಂದು ವಾಟೂ ವೆಚ್ಚವಾಗದೆ ಒಂದು ಕೃತಿ ಮುಗಿಯುತ್ತದೆ. ಮಿಶ್ರಛಾಪಿಗೆ ಮಿಶ್ರಛಾಪು, ಆದಿಗೆ ಆದಿ.

ಮೊದಲನೆಯ ದಿನ ಹೀಗೆ ಕುಳಿತಾಗ ಆಲಾಪನೆಯ ನಡುವೆಯೇ ಆಕೆಯು ಕೈಯೆತ್ತಿ, “ಅದನ್ನು ಸ್ವಲ್ಪ ನಿಲ್ಲಿಸು” ಎಂದಳು. ಏನಾದರೂ ತೊಂದರೆಯೋ ಎಂದು ಮಗನು ಗಾಬರಿಯಿಂದ ಸ್ಪೀಕರನ್ನು ಆರಿಸಿದನು. ಆಕೆಯು ಕತ್ತನ್ನು ಓರೆಮಾಡಿ ರಸ್ತೆಯಾಚೆಯ ಕಾಡಿನ ಕಡೆಗೆ ಕಿವಿಗೊಟ್ಟಿದ್ದಳು.

“ಜೀರುಂಡೆ” ಎಂದಳು.

ಆ ದಿನ ಅವರು ಶಿವಮೊಗ್ಗೆಯನ್ನು ಮುಟ್ಟಿದಾಗ ಮಗಳ ಮನೆಯಲ್ಲಿ ಅಡಿಗೆಯು ಆರಿಹೋಗಿತ್ತು.